ಅವ್ವ ರಾತ್ರಿಯೆಲ್ಲಾ ಸ್ಟ್ರೆಚರ್ ಮ್ಯಾಲೇ ಇದ್ದಳು: ಕ್ಯಾಜುವಲ್ಟಿ ಸುಧಾರಿಸೂ ದಾರಿ ಅದಾವೇನ್ರಿ?

ಕುಂದಗೋಳ_ಹುಡುಗ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗೇದ, ಪುರಸೊತ್ತಾದಾಗ ಓದ್ರಿ.

ಹೋದ ತಿಂಗಳು ನಮ್ಮ ಅವ್ವಗ ಎರಡು ದಿನ ಜ್ವರ ಇತ್ತು. ವಯಸ್ಸು 77. ಮೂರನೇ ದಿನ ಸಂಜಿಮುಂದ ಹಿತ್ತಲದಾಗ ತಲಿ ತಿರುಗಿ ಹಂಗ ಕುಂತುಬಿಟ್ಟಳು. ಊರ ಡಾಕ್ಟರು ನೋಡಿ "ಬಿಪಿ ಕಡಿಮಿ ಅದ, ಹುಬ್ಬಳ್ಳಿಗೆ ಒಯ್ರಿ" ಅಂದ್ರು. ಬಾಜೂ ಮನಿಯವರ ಕಾರಿನ್ಯಾಗ ಹೊಂಟು ರಾತ್ರಿ 9:40ಕ್ಕ ಒಂದು ದೊಡ್ಡ ಆಸ್ಪತ್ರೆಯ ಕ್ಯಾಜುವಲ್ಟಿ ಮುಟ್ಟಿದ್ವಿ. ಹೆಸರು ಬರಿಯೂದಿಲ್ಲ. ಯಾರ ಮ್ಯಾಲೂ ಸಿಟ್ಟು ತೀರಿಸಿಕೊಳ್ಳಾಕ ಇದನ್ನ ಬರಿಯಾಕ ಹತ್ತಿಲ್ಲ.

ಬಾಗಿಲದಾಗ ಒಬ್ಬ ಸಿಸ್ಟರ್ ಬಿಪಿ ನೋಡಿ, ಬೆರಳಿಗೆ ಕ್ಲಿಪ್ ಸಿಗಿಸಿ, ಕೈಗೆ ಹಳದಿ ಪಟ್ಟಿ ಕಟ್ಟಿ "ಅಲ್ಲಿ ಕುಂದ್ರಿಸ್ರಿ, ಕರೀತೀವಿ" ಅಂದ್ರು. ಕುಂತ್ವಿ. ನಮ್ಮ ಹಿಂದ ಬಂದ ಮೂರು ಮಂದಿನ್ನ ಸೀದಾ ಒಳಗ ಒಯ್ದ್ರು. ಅದರಾಗ ಒಬ್ಬ ನಡಕೊಂತ ಬಂದಿದ್ದ! ಎರಡು ಸಲ ಎದ್ದು ಹೋಗಿ ಕೇಳಿದೆ. ಎರಡೂ ಸಲ "ಕುಂದ್ರಿ, ಕರೀತಾರ" ಅಷ್ಟ. ಮತ್ತ ಯಾರೂ ಬಂದು ಅವ್ವನ ಕೈ ಹಿಡದು ನೋಡಲಿಲ್ಲ. 12:50ಕ್ಕ ಡಾಕ್ಟರ್ ಕರೆದ್ರು. ಕರೆದ ಮ್ಯಾಲೆ ಭಾಳ ಚಲೋ ನೋಡಿದ್ರು, ಅದನ್ನ ಹೇಳಲೇಬೇಕು. ಮೂತ್ರದ ಸೋಂಕು ರಕ್ತಕ್ಕ ಏರೇದ, ಅಡ್ಮಿಟ್ ಆಗಬೇಕು ಅಂದ್ರು. ಸಲಾಯಿನ್ ಹಚ್ಚಿ ಇಂಜೆಕ್ಷನ್ ಕೊಟ್ರು. ಆದ್ರ ಮ್ಯಾಲೆ ವಾರ್ಡಿನ್ಯಾಗ ಬೆಡ್ ಇಲ್ಲ ಅಂತ ಮರುದಿನ ಮುಂಜಾನೆ 11ರ ತನಕ ಕಾರಿಡಾರಿನ ಸ್ಟ್ರೆಚರ್ ಮ್ಯಾಲೇ ಮಲಗಿದ್ದಳು.

ಟ್ಯೂಬ್‌ಲೈಟು ಬರೋಬ್ಬರಿ ಮಾರಿ ಮ್ಯಾಲೆ. ಚಾಳೀಸು ಅವಸರದಾಗ ಮನ್ಯಾಗ ಬಿಟ್ಟು ಬಂದಿದ್ವಿ. ನಸುಕಿನ 4ರ ಸುಮಾರು ಅವ್ವ ನನ್ನ ಕೈ ಗಟ್ಟಿ ಹಿಡದು "ಎಮ್ಮಿಗೆ ನೀರು ಕುಡಿಸಿದ್ಯಾ? ಇದು ಯಾರ ಮನಿ? ನಡಿ, ನಮ್ಮ ಮನಿಗೆ ಹೋಗೂಣು" ಅಂದಳು. ನಮ್ಮ ಮನ್ಯಾಗ ಎಮ್ಮಿ ಇಲ್ಲದ 20 ವರ್ಷ ಆತು.

ಒಂಬತ್ತು ದಿನಕ್ಕ ಮನಿಗೆ ಬಂದಾಳ, ಈಗ ಆರಾಮ ಅದಾಳ. ಆದ್ರ ಆ ರಾತ್ರಿ ನನ್ನ ತಲಿ ಬಿಟ್ಟು ಹೋಗವಲ್ದು. ಹಿಂದ ಬಂದವರನ್ನ ಮೊದಲು ನೋಡೂದು ಸರೀನ? ಬೆಡ್ ಇಲ್ಲ ಅಂತ ಹಂಗ ಮಲಗಿಸೂದು ಎಲ್ಲಾ ಕಡೆ ಇದ್ದದ್ದೇ ಏನು? ಇದನ್ನ ಸುಧಾರಿಸಾಕ ಯಾರಾರ ಅಭ್ಯಾಸ ಮಾಡ್ಯಾರೇನು? ಗೊತ್ತಿದ್ದವರು ತಿಳಿಸ್ರಿ.

---

ರಾತ್ರಿಪಾಳಿ_ಸಿಸ್ಟರ್ ಉತ್ತರ:

ಅಣ್ಣಾರ, ಗದಗ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಾಗ ನಾನು 16 ವರ್ಷದಿಂದ ಸ್ಟಾಫ್ ನರ್ಸ್. ಅದರಾಗ ಅರ್ಧಕ್ಕಿಂತ ಹೆಚ್ಚು ರಾತ್ರಿಪಾಳಿ. ನೀವು ಬರೆದದ್ದನ್ನ ಎರಡು ಸಲ ಓದಿದೆ. ಎಮ್ಮಿ ಮಾತು ಬಂದಲ್ಲಿ ಎರಡೂ ಸಲ ನಿಂತೆ. ಆ ಮಾತನ್ನ ನಾನು ಬ್ಯಾರೆ ಬ್ಯಾರೆ ಅವ್ವಂದಿರ ಬಾಯಾಗ ಎಷ್ಟು ಸಲ ಕೇಳೇನೋ ಲೆಕ್ಕ ಇಲ್ಲ.

ಮೊದಲು ಬಂದವರಿಗೆ ಮೊದಲು ಅನ್ನೂದು ರೇಷನ್ ಅಂಗಡಿಗೆ ಸರಿ, ಕ್ಯಾಜುವಲ್ಟಿಗೆ ಅಲ್ಲ. ಬಾಗಿಲದಾಗ ನಾವು ಉಸಿರು, ನಾಡಿ, ಬಿಪಿ, ಆಕ್ಸಿಜನ್, ಎಚ್ಚರ ನೋಡ್ತೀವಿ. ಅದರ ಮ್ಯಾಲೆ ಕೆಂಪು (ತಕ್ಷಣ ನೋಡಬೇಕು), ಹಳದಿ (ಸ್ವಲ್ಪ ಕಾಯಬಹುದು), ಹಸಿರು (ಇನ್ನೂ ಕಾಯಬಹುದು). ಟ್ರಯಾಜ್ ಅಂತಾರ. ದಿಲ್ಲಿಯ ಏಮ್ಸ್‌ನವರು ಮಾಡಿದ್ದೂ ಇದೇ ಮೂರು ಬಣ್ಣದ ಪದ್ಧತಿ. ನಡಕೊಂತ ಬಂದವ ಒಳಗ ಹೋದದ್ದಕ್ಕ ನಿಮಗ ಸಿಟ್ಟು ಬಂದದ್ದು ಸಹಜ. ಬಹುಶಃ ಅವ ಎದಿನೋವು ಅಂದಿರಬೇಕು. ಎದಿನೋವು ಅಂದವರಿಗೆ ಬಾಗಿಲ ದಾಟಿದ 10 ನಿಮಿಷದಾಗ ಇಸಿಜಿ ಆಗಬೇಕು. ಎರಡು ವರ್ಷದ ಹಿಂದ ಮುಂಡರಗಿ ಕಡೆಯವರೊಬ್ಬರು ನಮ್ಮ ಟೇಬಲ್ ಮುಂದ ನಿಂತು "ಗ್ಯಾಸ್ ಆಗೇತಿ ಸಿಸ್ಟರ್, ಒಂದು ಇಂಜೆಕ್ಷನ್ ಮಾಡ್ರಿ ಸಾಕು, ಬಸ್ಸು ಹಿಡೀಬೇಕು" ಅಂದ್ರು. ಫ್ಯಾನಿನ ಬುಡಕ ನಿಂತಿದ್ರು, ಅಂಗಿ ಮಾತ್ರ ಬೆನ್ನಿಗೆ ಅಂಟಿತ್ತು. ಅಷ್ಟು ಬೆವರು ಯಾಕ ಅಂತ ಇಸಿಜಿ ಹಚ್ಚಿದ್ರ, ಕಾಗದದ ಪಟ್ಟಿ ಪೂರಾ ಹೊರಗ ಬರೂದ್ರೊಳಗ ಗೊತ್ತಾತು, ದೊಡ್ಡ ಹಾರ್ಟ್ ಅಟ್ಯಾಕ್. ಅವತ್ತು ಹೊರಗ ಕುಂತಿದ್ದವರಿಗೂ ನಿಮ್ಮಂಗ ಅನ್ನಿಸಿರಬೇಕು, "ನಡಕೊಂತ ಬಂದವನ್ನ ಮೊದಲು ಒಯ್ದ್ರು" ಅಂತ.

ಹಿಂಗಾಗಿ ಹಳದಿ ಪಟ್ಟಿ ಕಟ್ಟಿದ್ದು ತಪ್ಪಲ್ಲ. ತಪ್ಪಿದ್ದು ಆಮ್ಯಾಲೆ. ಮೂರು ತಾಸು ಹತ್ತು ನಿಮಿಷ ಯಾರೂ ತಿರುಗಿ ಬಿಪಿ ನೋಡಲಿಲ್ಲ ಅಂದ್ರಲ್ಲ, ಅಲ್ಲಿ ನನಗ ಚುರ್ ಅಂತು. ಬಣ್ಣ ಅನ್ನೂದು ಆ ನಿಮಿಷದ ಮಾತು. 9:40ಕ್ಕ ಹಳದಿ ಇದ್ದವರು 11ಕ್ಕ ಕೆಂಪು ಆಗಬಹುದು. ಅದರಾಗೂ ವಯಸ್ಸಾದವರು, ಜ್ವರ, ಬಿಪಿ ಕಡಿಮಿ, ಈ ಮೂರೂ ಕೂಡಿದ್ರ ಗಡಿಯಾರ ಓಡಾಕ ಹತ್ತೇದ ಅಂತ ತಿಳಕೋಬೇಕು. 2017ರಾಗ ಅಮೆರಿಕಾದ ನ್ಯೂಯಾರ್ಕ್ ರಾಜ್ಯದ 149 ಆಸ್ಪತ್ರೆಗಳ 49,331 ರೋಗಿಗಳ ಲೆಕ್ಕ ಪ್ರಕಟ ಆತು, ಎಲ್ಲಾರೂ ಸೋಂಕು ರಕ್ತಕ್ಕ ಏರಿದವರು. ರಕ್ತ ತಗೊಂಡು ಪರೀಕ್ಷೆಗೆ ಕಳಿಸೂದು, ಆ್ಯಂಟಿಬಯಾಟಿಕ್ ಕೊಡೂದು, ಈ ಕೆಲಸ ಒಂದೊಂದು ತಾಸು ತಡ ಆದಂಗ ಸಾವಿನ ಸಂಭವ ನೂರಕ್ಕ ನಾಲ್ಕರಷ್ಟು ಏರಿಕೊಂತ ಹೋಗಿತ್ತು. ನಮ್ಮ ಕಡೆ ಇದಕ್ಕ ದೊಡ್ಡ ಮಷಿನ್ ಬೇಕಾಗಿಲ್ಲ. ಕುಂತವರ ನಡುವ ತಾಸಿಗೊಮ್ಮೆ ಬಿಪಿ ಮಷಿನ್ ಹಿಡಕೊಂಡು ತಿರುಗೂ ಒಬ್ಬ ಮನಷಾ ಬೇಕು.

ಇನ್ನ ಸ್ಟ್ರೆಚರ್ ಮಾತು. ಜನಕ್ಕ ಗೊತ್ತಿಲ್ಲದ್ದು ಇದು, ಆಡಳಿತದವರು ಗೊತ್ತಿದ್ದೂ ಬಾಯಿ ಬಿಡದ್ದೂ ಇದು: ಕ್ಯಾಜುವಲ್ಟಿಯ ಗದ್ದಲ ಕ್ಯಾಜುವಲ್ಟಿಯೊಳಗ ಹುಟ್ಟೂದು ಕಡಿಮಿ. ಕೆರಿಯ ಕೋಡಿ ಕಟ್ಟಿಹೋದ್ರ ನೀರು ಹಿಂದಕ್ಕ ಊರಾಗ ನುಗ್ಗತದಲ್ಲ, ಹಂಗ. ಮ್ಯಾಲಿನ ವಾರ್ಡಿನಿಂದ ಮಂದಿ ಮನಿಗೆ ಹೋಗೂದು ತಡ, ಆ ಬೆಡ್ ಸ್ವಚ್ಛ ಆಗೂದು ತಡ. ಅದಕ್ಕ ಕೆಳಗ ನೋಡಿ ಮುಗಿಸಿದ ರೋಗಿ ಅಲ್ಲೇ ಉಳೀತಾರ, ಹೊಸದಾಗಿ ಬಂದವರಿಗೆ ಜಾಗ ಇರೂದಿಲ್ಲ, ಅವರನ್ನ ನೋಡಬೇಕಾದ ಸಿಸ್ಟರ್ ಉಳಕೊಂಡವರ ಸಲಾಯಿನ್ ಬದಲಿಸ್ತಿರ್ತಾಳ. ನಿಮ್ಮ ಅವ್ವ ಹೊರಗ ಮೂರು ತಾಸು ಕಾದದ್ದೂ ಒಳಗ ಯಾರೋ ಮತ್ತೊಬ್ಬರ ಅವ್ವ ಬೆಡ್ ಇಲ್ಲದ ಉಳಿದದ್ದಕ್ಕ ಇರಬೇಕು.

ಇದು ಬರೇ ತ್ರಾಸಿನ ಮಾತಲ್ಲ, ಜೀವದ ಮಾತು. ಇಂಗ್ಲೆಂಡಿನಾಗ 50 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2022ರಾಗ ಪ್ರಕಟ ಮಾಡಿದ್ರು: ತುರ್ತು ವಿಭಾಗದಾಗ 6ರಿಂದ 8 ತಾಸು ಮೀರಿ ವಾರ್ಡಿಗಾಗಿ ಕಾದ ಪ್ರತಿ 82 ರೋಗಿಗಳಿಗೆ ಒಂದು ಹೆಚ್ಚಿನ ಸಾವು, 30 ದಿನದೊಳಗ. ಫ್ರಾನ್ಸಿನವರು ಇನ್ನೂ ನಿಮ್ಮ ಪ್ರಶ್ನೆಗೆ ಹತ್ತಿರದ್ದನ್ನ ನೋಡಿದ್ರು. 2022ರ ಡಿಸೆಂಬರಿನ್ಯಾಗ 97 ತುರ್ತು ವಿಭಾಗ, 75 ದಾಟಿದ 1,598 ಮಂದಿ. ರಾತ್ರಿ ವಾರ್ಡಿನ ಬೆಡ್ ಸಿಕ್ಕವರೊಳಗ ಆಸ್ಪತ್ರೆಯಾಗ ತೀರಿಕೊಂಡವರು ನೂರಕ್ಕ 11.1, ರಾತ್ರಿಯೆಲ್ಲಾ ಸ್ಟ್ರೆಚರ್ ಮ್ಯಾಲೆ ಕಳೆದವರೊಳಗ 15.7. ಬಿದ್ದು ಪೆಟ್ಟಾದದ್ದು, ಆಸ್ಪತ್ರೆಯ ಸೋಂಕು ಹತ್ತಿದ್ದು, ಇವೂ ಹೆಚ್ಚು. ಇದನ್ನ ಓದಿದ ರಾತ್ರಿ ನಾನು ಪಾಳಿಗೆ ಹೋಗಿ ಮೊದಲು ಮಾಡಿದ ಕೆಲಸ, ಕಾರಿಡಾರಿನ್ಯಾಗ ಇದ್ದ ಮುದುಕರಿಗೆ ವಾರ್ಡಿನ ಬೆಡ್ ಮೊದಲು ಕೇಳಿದ್ದು.

ಪರಿಹಾರ ಅದಾವ. ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ಆಸ್ಪತ್ರೆಯಾಗ ಕ್ಯಾಜುವಲ್ಟಿ ತುಂಬಿದ್ರ ಸ್ಟ್ರೆಚರುಗಳನ್ನ ಅಲ್ಲೇ ಸಾಲಾಗಿ ನಿಲ್ಲಸೂದಿಲ್ಲ, ಮ್ಯಾಲಿನ ವಾರ್ಡುಗಳ ಕಾರಿಡಾರಿಗೆ ಹಂಚತಾರ. ನಾಲ್ಕು ವರ್ಷದ ಅನುಭವವನ್ನ 2009ರಾಗ ಬರೆದ್ರು, ಹಂಗ ಹೋದವರೊಳಗ ಸಾವು ಹೆಚ್ಚಾಗಿರಲಿಲ್ಲ. ಹತ್ತು ಮಂದಿ ಭಾರ ಒಬ್ಬ ಸಿಸ್ಟರ್ ಹೊರೂದು ಬಿಟ್ಟು ಹತ್ತು ಸಿಸ್ಟರ್ ಒಬ್ಬೊಬ್ಬರದು ಹೊತ್ತಂಗ. ಮ್ಯಾಲಿನವರು ಒಪ್ಪೂದಿಲ್ಲ, ಜಗಳ ಆಗ್ತದ, ನನಗ ಗೊತ್ತದ. ಆದ್ರ ಕಾರಿಡಾರಿನ ಸ್ಟ್ರೆಚರ್ ಎಲ್ಲಾ ವಾರ್ಡಿನವರ ಕಣ್ಣಿಗೂ ಬಿದ್ರನ ಡಿಸ್ಚಾರ್ಜ್ ಕಾಗದ ಮಧ್ಯಾಹ್ನ 3ಕ್ಕ ಬರೂದು ಮುಂಜಾನೆ 10ಕ್ಕ ಬರ್ತದ.

ಮತ್ತ "ಕುಂದ್ರಿ, ಕರೀತಾರ" ಅನ್ನೂ ಮಾತು. ಇಂಗ್ಲೆಂಡಿನ ಎರಡು ಆಸ್ಪತ್ರೆಯಾಗ ಗ್ವಾಡಿ ಮ್ಯಾಲೆ ದೊಡ್ಡ ಫಲಕ ಹಚ್ಚಿ ನೋಡಿದ್ರು: ನೀವು ಈಗ ಯಾವ ಹಂತದಾಗ ಇದ್ದೀರಿ, ಮುಂದೇನು, ಯಾಕ ಕಾಯಬೇಕು. ಅಲ್ಲಿ ಸಿಬ್ಬಂದಿಗೆ ಬೆದರಿಸೂದು ಅರ್ಧಕ್ಕರ್ಧ ಇಳೀತು. ಅದನ್ನ ಓದಿ ನಮ್ಮಲ್ಲಿ ನಾನು, ಇನ್ನೊಬ್ಬ ಸಿಸ್ಟರ್ ಕೂಡಿ ರೊಕ್ಕ ಹಾಕಿ ಒಂದು ಬಿಳಿ ಹಲಗಿ ತಂದು ತೂಗಹಾಕಿದ್ವಿ. "ಒಳಗ ಈಗ ಕೆಂಪು ಇಷ್ಟು, ಹಳದಿ ಇಷ್ಟು. ರಕ್ತದ ವರದಿಗೆ ಇಷ್ಟು ಹೊತ್ತು. ಕಾಯುವಾಗ ಉಸಿರು ಕಟ್ಟಿದ್ರ, ಮಂಪರು ಬಂದ್ರ, ಬ್ಯಾನಿ ಹೆಚ್ಚಾದ್ರ ಎದ್ದು ಬಂದು ಹೇಳ್ರಿ. ಬೈಯೂದಿಲ್ಲ." ಆ ಕಡೀ ಶಬ್ದ ಬ್ಯಾಡ, ಚಂದ ಕಾಣೂದಿಲ್ಲ ಅಂತ ಒಬ್ಬರು ಒರಿಸಿದ್ರು. ನಾನು ಮತ್ತ ಬರೆದೆ. ಯಾಕಂದ್ರ ನಮ್ಮ ಹಳ್ಳಿ ಮಂದಿ ಎದ್ದು ಬಂದು ಹೇಳದ ಇರೂದಕ್ಕ ಕಾರಣ ಅದೊಂದೇ. ಬೈತಾರ ಅಂತ ಅಂಜಿಕಿ.

ನಿಮ್ಮ ಕಡೆಯಿಂದ ಆಗೂದು ಇಷ್ಟು: ನುಂಗೂ ಗುಳಿಗಿಯ ಪಟ್ಟಿ ತರ್ರಿ, "ಬಿಳೀ ಗುಳಿಗಿ" ಅಂದ್ರ ನಮಗ ತಿಳಿಯೂದಿಲ್ಲ. ತ್ರಾಸು ಶುರು ಆದ ಹೊತ್ತು ನೆನಪಿಡ್ರಿ. ಮುದುಕರಿದ್ರ ಚಾಳೀಸು, ಕಿವಿ ಮಷಿನ್ ಬಿಟ್ಟು ಬರಬ್ಯಾಡ್ರಿ. ಕಣ್ಣು ಕಾಣವಲ್ದು, ನಿದ್ದಿ ಇಲ್ಲ, ಮ್ಯಾಲೆ ಲೈಟು, ಒಳಗ ಸೋಂಕು. ನಿಮ್ಮ ಅವ್ವಗ ಎಮ್ಮಿ ನೆನಪಾದದ್ದು ಅರಳುಮರಳಿನಿಂದ ಅಲ್ಲ, ರೋಗದಾಗ ಒಮ್ಮಿಂದೊಮ್ಮೆ ಹಿಂಗ ಗೊಂದಲ ಆಗೂದಕ್ಕ ಡೆಲಿರಿಯಂ ಅಂತಾರ. ಹಂಗ ಆದಾಗ "ಎಮ್ಮಿ ಎಲ್ಲದ, ಸುಮ್ಮನಿರು" ಅನ್ನಬ್ಯಾಡ್ರಿ. ಕೈ ಹಿಡದು "ಅವ್ವಾ, ನಾನು ನಿನ್ನ ಮಗ, ನಾವು ಹುಬ್ಬಳ್ಳಿ ಆಸ್ಪತ್ರೆಯಾಗ ಅದೀವಿ, ನಸುಕಿನ ನಾಲ್ಕಾಗೇದ" ಅಂತ ಸಾವಕಾಶ ಹೇಳ್ರಿ, ಹತ್ತು ಸಲ ಬೇಕಾದ್ರ ಹತ್ತು ಸಲ. ಮತ್ತ ಕೂಡಲೇ ಸಿಸ್ಟರಿಗೂ ಹೇಳ್ರಿ, ಅದು ರೋಗ ಹೆಚ್ಚಾದ ಗುರುತೂ ಆಗಿರಬಹುದು.

---

ಹಾವೇರಿ_ರಸ್ತೆ ಉತ್ತರ:

ಸಿಸ್ಟರ್ ಎಲ್ಲಾ ಹೇಳ್ಯಾರ. ನಾ ಬಾಗಿಲದ ಹೊರಗಿನ ಮಾತು ಒಂದೆರಡು ಹೇಳತೇನಿ. 108 ಗಾಡಿಯಾಗ ಏಳು ವರ್ಷ ಇದ್ದವ, ಹಿರೇಕೆರೂರು, ರಟ್ಟಿಹಳ್ಳಿ ಕಡೆ. ನೀತಿ ಆಯೋಗ, ಏಮ್ಸ್ ಕೂಡಿ 2021ರಾಗ ದೇಶದ 100 ಆಸ್ಪತ್ರೆ ನೋಡಿ ವರದಿ ಕೊಟ್ರು. ಆಂಬುಲೆನ್ಸ್ ಇದ್ದದ್ದು ನೂರಕ್ಕ 91ರಾಗ, ತರಬೇತಿ ಆದ ಸಿಬ್ಬಂದಿ ಇದ್ದದ್ದು 34ರಾಗ. ಗಾಡಿ ಐತಿ, ಗಾಡಿಯೊಳಗ ಮನಷಾ ಇಲ್ಲ.

ಗೋವಿನಜೋಳ ಮುರಿಯೂ ಹೊತ್ತಿನ್ಯಾಗ ಒಬ್ಬಾಕಿ ಹೆಣ್ಣಮಗಳಿಗೆ ಕೊಳಕಮಂಡಲ ಹಾವು ಕಡದಿತ್ತು. ನಾವು ಮುಟ್ಟೂದ್ರೊಳಗ ಮೊಣಕಾಲ ಕೆಳಗ ಸೀರಿ ಅಂಚು ಹರದು ಬಿಗದಿದ್ರು, ಕಾಲು ಬದನಿಕಾಯಿ ಬಣ್ಣ ಆಗಿತ್ತು. ಮನಿಯವರು "ಸೀದಾ ಹುಬ್ಬಳ್ಳಿಗೆ ಹೊಡೀರಿ" ಅಂತ ಗಾಡಿ ಮುಂದ ನಿಂತ್ರು. ನಾ ಬ್ಯಾಡ ಅಂದೆ. ಹತ್ತಿರದ ತಾಲೂಕು ಆಸ್ಪತ್ರೆಗೆ ದಾರಿಯಾಗಿಂದನ ಫೋನ್ ಮಾಡಿದೆ. ನಾವು ಹೋಗೂದ್ರೊಳಗ ಗಾಜಿನ ನಳಿಗಿ, ಹಾವಿನ ವಿಷ ಇಳಿಸೂ ಔಷಧ ಎಲ್ಲಾ ತೆಗೆದಿಟ್ಟಿದ್ರು. ಸ್ವಚ್ಛ ಒಣ ನಳಿಗಿಯಾಗ ರಕ್ತ ಹಾಕಿ 20 ನಿಮಿಷ ಅಲ್ಲಾಡಸದ ಇಟ್ಟು ಓರೆ ಮಾಡಿದ್ರು. ನೀರಿನಂಗ ಹರೀತು, ಹೆಪ್ಪುಗಟ್ಟಿರಲಿಲ್ಲ, ಅಂದ್ರ ವಿಷ ರಕ್ತಕ್ಕ ಏರಿತ್ತು. ಅಲ್ಲೇ ಆ ಔಷಧ 10 ಬಾಟಲಿ ಕೊಟ್ಟು ಆಮ್ಯಾಲೆ ಮುಂದಕ್ಕ ಕಳಿಸಿದ್ರು. ಆಕಿ ಬದುಕ್ಯಾಳ. ಎರಡು ತಾಸು ಔಷಧ ಇಲ್ಲದ ಹುಬ್ಬಳ್ಳಿ ದಾರಿ ಹಿಡಿದಿದ್ರ ಬದುಕ್ತಿದ್ದಿಲ್ಲ ಅಂತ ನನ್ನ ಅನಸಿಕಿ. ಹಾವು ಕಡದ್ರ ಬಿಗೀಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಕಾಲು ಅಲ್ಲಾಡದಂಗ ಮಲಗಿಸಿ ತರ್ರಿ. 2024ರಿಂದ ಕರ್ನಾಟಕದಾಗ ಹಾವು ಕಡತ ಆದದ್ದನ್ನ ಸರ್ಕಾರಕ್ಕ ವರದಿ ಮಾಡೂದು ಕಡ್ಡಾಯ ಐತಿ, ಲೆಕ್ಕ ಸಿಕ್ಕರ ಔಷಧನೂ ಸರಿಯಾಗಿ ಬರತೈತಿ.

ಎದಿನೋವಿಗೂ ಹಿಂಗ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಾಗ ತಾಲೂಕು ಆಸ್ಪತ್ರೆಯಾಗ ತೆಗೆದ ಇಸಿಜಿ ದೂರದ ತಜ್ಞರಿಗೆ ಹೋಗತೈತಿ, ಹೆಪ್ಪು ಕರಗಿಸೂ ದುಬಾರಿ ಇಂಜೆಕ್ಷನ್ ಪುಕ್ಕಟೆ ಅಲ್ಲೇ ಕೊಡತಾರ. ದೊಡ್ಡ ಆಸ್ಪತ್ರೆನ ಬೇಕು ಅಂತ ಹಟ ಮಾಡಿ ಸಣ್ಣ ಆಸ್ಪತ್ರೆ ದಾಟಿ ಬರೂದು ಬಿಡ್ರಿ.

---

ಬೆಟಗೇರಿ_ಮೇಷ್ಟ್ರು ಉತ್ತರ:

ಸಿಸ್ಟರ್ ಅವರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಒಂದು ಮಾತು. ಇಂಗ್ಲೆಂಡ್, ಫ್ರಾನ್ಸ್, ನ್ಯೂಯಾರ್ಕ್ ಲೆಕ್ಕ ನಮಗೆಷ್ಟು ಹೊಂದುತ್ತದೆ? ಅಲ್ಲಿ ಒಬ್ಬ ನರ್ಸ್‌ಗೆ ನಾಲ್ಕು ರೋಗಿ ಇದ್ದರೆ ಇಲ್ಲಿ ನಲವತ್ತು. ಕಳೆದ ವರ್ಷ ನನ್ನ ಭಾವನಿಗೆ ರಸ್ತೆ ಅಪಘಾತವಾಗಿ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಅವರಿಗೆ ಒಂದು ನೋವಿನ ಇಂಜೆಕ್ಷನ್ ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ ಎಂದು ರಾತ್ರಿ ಡಾಕ್ಟರಿಗೆ ಹೇಳಿದ್ದೆ, ಅವರು ತಲೆಯಾಡಿಸಿದ್ದರು. ಬೆಳಿಗ್ಗೆ 8ಕ್ಕೆ ಪಾಳಿ ಬದಲಾಯಿತು. 8:30ಕ್ಕೆ ಹೊಸ ಸಿಸ್ಟರ್ ಅದೇ ಇಂಜೆಕ್ಷನ್ ತುಂಬಿಕೊಂಡು ಬಂದರು. ನಾನು ಚಹಾ ಕುಡಿಯಲು ಹೋಗದೆ ಅಲ್ಲೇ ಇದ್ದುದರಿಂದ ತಪ್ಪಿತು. ಇದಕ್ಕೆ ಯಾವ ದೇಶದ ಸಂಶೋಧನೆ ಬೇಕು? ಬರೆದಿಟ್ಟಿದ್ದರೆ ಸಾಕಿತ್ತು.

---

ರಾತ್ರಿಪಾಳಿ_ಸಿಸ್ಟರ್ ಉತ್ತರ:

ಮೇಷ್ಟ್ರ, ನಿಮ್ಮ ಮಾತು ಖರೆ. ನಲವತ್ತು ಅಂದದ್ದೂ ಉತ್ಪ್ರೇಕ್ಷೆ ಅಲ್ಲ, ಅಂಥ ರಾತ್ರಿ ನಾನು ನೋಡೇನಿ. ಆದ್ರ ನೀವು ಹೇಳಿದ "ಬರೆದಿಟ್ಟಿದ್ರ ಸಾಕಿತ್ತು" ಅನ್ನೂದನ್ನ ಅವರು ಲೆಕ್ಕ ಹಾಕಿ ತೋರಿಸ್ಯಾರ. 2014ರಾಗ ಅಮೆರಿಕಾ, ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗದಾಗ ಪಾಳಿ ಬದಲಿ ಮಾಡೂ ಡಾಕ್ಟರುಗಳಿಗೆ ಒಂದು ಕ್ರಮ ಕಲಿಸಿದ್ರು: ರೋಗಿ ಎಷ್ಟು ಗಂಭೀರ, ಏನಾಗೇದ, ಏನು ಮಾಡಬೇಕು, ಏನಾದ್ರ ಏನು ಮಾಡಬೇಕು, ಕಡೀಕ ಕೇಳಿಸಿಕೊಂಡವರು ತಿರುಗಿ ಹೇಳಬೇಕು. ತಪ್ಪುಗಳು ನೂರಕ್ಕ 23 ಇಳದ್ವು. ತಿರುಗಿ ಹೇಳೂದಕ್ಕ ಖರ್ಚಿಲ್ಲ. ನಾನು ಮುಂಜಾನೆ ಬಂದ ಹುಡಿಗ್ಯಾರಿಗೆ ಬೆಡ್ ಮುಂದ ನಿಂತು ಹೇಳತೇನಿ, ಟೇಬಲ್ ಮುಂದ ಅಲ್ಲ. ರೋಗಿ ಕಡೆಯವರಿಗೂ ಕೇಳತದ, ನಾನು ಮರೆತದ್ದನ್ನ ಅವರ ಜೋಡಸ್ತಾರ. ನಿಮ್ಮಂಥವರು ಅಲ್ಲಿದ್ರ ಆ ಇಂಜೆಕ್ಷನ್ ಟ್ರೇದಾಗ ಬರೂದ ಇಲ್ಲ.

ನಮ್ಮಂಥಲ್ಲೇ ಮಾಡಿದ್ದು ಬೇಕಂದ್ರ ಅದೂ ಅದ. ನಮ್ಮ ಕಡೆ "ಎಣ್ಣಿ ಕುಡದಾರ" ಅಂತ ಬರೂದು ವಾರಕ್ಕ ಎಷ್ಟು ಅಂತ ನಿಮಗೂ ಗೊತ್ತು. ಹೊಲಕ್ಕ ಹೊಡಿಯೂ ಔಷಧ. ಬಾಗಿಲ ತೆಗೆದ ಕೂಡಲೇ ವಾಸನಿ ಬರ್ತದ, ಬಾಯಾಗ ನೊರಿ, ಕಣ್ಣಿನ ಪಾಪಿ ಸೂಜಿಮೊನಿಯಷ್ಟು ಆಗಿರ್ತದ. ಆ ವಿಷಕ್ಕ ಅಟ್ರೋಪಿನ್ ಅನ್ನೂ ಇಂಜೆಕ್ಷನ್ ಕೊಡಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅಷ್ಟಷ್ಟೇ ಕೊಡೂದು ಹಳೇ ರೂಢಿ. ಬಾಂಗ್ಲಾದೇಶದ ಚಿತ್ತಗಾಂಗ್‌ನ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗ, ನಮ್ಮಂಗ ನೆಲದ ಮ್ಯಾಲೂ ರೋಗಿಗಳು ಇರೂ ಆಸ್ಪತ್ರೆಯಾಗ, ಐದೈದು ನಿಮಿಷಕ್ಕ ಪ್ರಮಾಣ ಇಮ್ಮಡಿ ಮಾಡಿಕೊಂತ, ಎದಿಯೊಳಗಿನ ಗೊರಗೊರ ನಿಲ್ಲೂತನಕ ಕೊಟ್ಟು, ಆಮ್ಯಾಲೆ ಸಲಾಯಿನ್ನಿನ್ಯಾಗ ಹನಿಹನಿಯಾಗಿ ಬಿಟ್ಟು ನೋಡಿದ್ರು. 2012ರಾಗ ಬರೆದ್ರು: ಹಳೇ ರೂಢಿಯೊಳಗ ತೀರಿಕೊಂಡವರು ನೂರಕ್ಕ 22.5, ಹೊಸದ್ರಾಗ 8. ಔಷಧ ಅದೇ, ಅಗ್ಗದ್ದು. ಕೊಡೂ ಕ್ರಮ ಅಷ್ಟ ಬದಲಿ. ಆದ್ರ ಅದಕ್ಕ ಒಬ್ಬ ಸಿಸ್ಟರ್, ಒಬ್ಬ ಡಾಕ್ಟರ್ ಒಂದು ತಾಸು ಆ ಬೆಡ್ ಬಿಟ್ಟು ಅಲ್ಲಾಡಬಾರದು. ಸ್ಟೆತಸ್ಕೋಪ್ ಎದಿ ಮ್ಯಾಲೇ ಇರಬೇಕು. ಕುಂದಗೋಳದ ಅಣ್ಣಾರ, ಆ ರಾತ್ರಿ ನೀವು ಹೊರಗ ಕುಂತಾಗ ಒಳಗ ಇಂಥದ್ದು ಒಂದು ನಡೆದಿದ್ರೂ ನಡೆದಿರಬಹುದು. ಅದನ್ನ ನಿಮಗ ಬಂದು ಒಂದು ಮಾತು ಹೇಳಬೇಕಿತ್ತು.

ಸರ್ಕಾರಿ ಆಸ್ಪತ್ರೆ ಆಗಿದ್ರ ಆಸ್ಪತ್ರೆಯ ಉಸ್ತುವಾರಿ ನೋಡೂ ಆರೋಗ್ಯ ರಕ್ಷಾ ಸಮಿತಿ ಅಂತ ಇರ್ತದ. ಅರ್ಜಿ ಕೊಡ್ರಿ. ಯಾರ ಹೆಸರೂ ಹಾಕಬ್ಯಾಡ್ರಿ, ಹೊತ್ತು ಅಷ್ಟ ಬರೀರಿ: 9:40, 12:50, ಮರುದಿನ 11.

---

ಕುಂದಗೋಳ_ಹುಡುಗ ಉತ್ತರ:

ಸಿಸ್ಟರ್, ನಿಮ್ಮ ಉತ್ತರ ಅವ್ವಗ ಓದಿ ಹೇಳಿದೆ. ಎಮ್ಮಿ ಮಾತು ಆಡಿದ್ದು ಆಕಿಗೆ ಒಂಚೂರೂ ನೆನಪಿಲ್ಲ. ಅರಳುಮರಳು ಅಲ್ಲ ಅಂತ ನೀವು ಬರೆದದ್ದನ್ನ ಎರಡು ಸಲ ಓದಸಿದಳು. ನನಗ ಹೇಳಿರಲಿಲ್ಲ, ಮನಿಗೆ ಬಂದಾಗಿಂದ ಅದೇ ಅಂಜಿಕಿ ಇತ್ತಂತ.

ಅರ್ಜಿ ಬರೆದೇನಿ, ಮೂರೂ ಹೊತ್ತು ಹಾಕಿ. ಸೋಮವಾರ ತೋರಸಾಕ ಹುಬ್ಬಳ್ಳಿಗೆ ಹೋಗೂದದ, ಆವಾಗ ಕೊಟ್ಟು ಬರ್ತೇನಿ. ಜೋಡಿ ಆ ಬಿಳಿ ಹಲಗಿಯ ಫೋಟೊ ಹಚ್ಚಬೇಕಂತ ಅದ. ಒಂದು ಕಳಸ್ತೀರೇನ್ರಿ? ರೋಗಿಗಳು ಯಾರೂ ಕಾಣದಂಗ, ಹಲಗಿ ಅಷ್ಟ.

---

ರಾತ್ರಿಪಾಳಿ_ಸಿಸ್ಟರ್ ಉತ್ತರ:

ಇವತ್ತೂ ರಾತ್ರಿಪಾಳಿ ಅದ. ಮುಂಜಾನೆ ಪಾಳಿ ಬದಲಿ ಆದಮ್ಯಾಲೆ ಕಳಸ್ತೇನಿ. ಅವ್ವಗ ನೀರು ಜಾಸ್ತಿ ಕುಡಸ್ರಿ, ಸೋಮವಾರ ಚಾಳೀಸು ಮರೀಬ್ಯಾಡ್ರಿ.